ಗಾಳಿಯ ಮೋಜಣಿ: ಎಂಜಿನ್ ಇಲ್ಲದ ವಿಮಾನಗಳು ಕಲಿಸಿದ ಪಾಠ

ಹೊಲದ ಬದುವಿನ ವಿಷಯದಲ್ಲಿ ಅಣ್ಣತಮ್ಮಂದಿರ ನಡುವೆ ತಕರಾರು ಬಂದರೆ ಊರಿನ ಹಿರಿಯರು ಎಷ್ಟು ಹೊತ್ತು ಮಾತನಾಡಿದರೂ ಕೊನೆಗೆ ಕರೆಸುವುದು ಸರ್ವೆಯರನ್ನೇ. ಸರಪಳಿ ಹಿಡಿದು ಅಳೆದ ಮೇಲೆ ವಾದಕ್ಕೆ ಎಡೆಯಿಲ್ಲ. ಈ ಅಳತೆಯನ್ನು ನಮ್ಮ ಧಾರವಾಡ ಜಿಲ್ಲೆಯಲ್ಲಿ ಮೋಜಣಿ ಎನ್ನುತ್ತೇವೆ, ಉರ್ದುವಿನಲ್ಲಿ ಪೈಮಾಯಿಶ್ ಎನ್ನುತ್ತೇವೆ. ಭೂಮಿ ಒಂದೆಡೆ ನಿಂತಿರುತ್ತದೆ, ಆದ್ದರಿಂದ ಅದರ ಮೋಜಣಿ ಸಾಧ್ಯ. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಗದ, ಕ್ಷಣಕ್ಷಣಕ್ಕೂ ಬದಲಾಗುವ ಗಾಳಿಯನ್ನು ಅಳೆಯುವುದು ಹೇಗೆ? ಆ ಗಾಳಿಯಲ್ಲಿ ಹಾರುವ ಯಂತ್ರದ ಗುಣದೋಷಗಳನ್ನು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಕೊಟ್ಟ ಒಂದು ಸರಳ ಯಂತ್ರವೇ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ. ಅದಕ್ಕೆ ಅಳತೆಯ ಉಪಕರಣಗಳನ್ನು ಜೋಡಿಸಿ ಹಾರಿಸಿದವರು ವಿಮಾನಶಾಸ್ತ್ರದ ಅಡಿಪಾಯ ಹಾಕಿದರು. ಈ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನಲ್ಲಿ, ಇನ್ನೊಂದು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ನಡೆದಿದೆ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿಗೆ ತಿಳಿದಿಲ್ಲ.

ಕುರ್ತುಬಾದ ಹಾರಾಟ

ಹಾರಾಟದ ಚರಿತ್ರೆ ಬಂದಾಗ ನಾವು ಅಭಿಮಾನದಿಂದ ನೆನೆಯುವ ಹೆಸರು ಅಬ್ಬಾಸ್ ಇಬ್ನ್ ಫಿರ್ನಾಸ್. ಒಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಕುರ್ತುಬಾ ನಗರದಲ್ಲಿದ್ದ ಈ ವಿದ್ವಾಂಸರು 887ರಲ್ಲಿ ತೀರಿಕೊಂಡರು. ಮೈಗೆ ಗರಿಗಳನ್ನು ಹೊದ್ದು, ರೆಕ್ಕೆಗಳನ್ನು ಕಟ್ಟಿಕೊಂಡು ಎತ್ತರದಿಂದ ಹಾರಿದರು, ಸ್ವಲ್ಪ ದೂರ ತೇಲಿದರು, ಆದರೆ ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತು ಎಂದು ಚರಿತ್ರಕಾರ ಅಲ್‌-ಮಖ್ಖರಿ ಬರೆದಿದ್ದಾರೆ. ಹಕ್ಕಿ ಬಾಲದ ನೆರವಿನಿಂದ ಇಳಿಯುತ್ತದೆ ಎಂಬುದನ್ನು ಅವರು ಗಮನಿಸಿರಲಿಲ್ಲ ಎಂಬ ಕಾರಣವನ್ನೂ ಕೊಟ್ಟಿದ್ದಾರೆ.

ಆದರೆ ಅಲ್‌-ಮಖ್ಖರಿ ತೀರಿಕೊಂಡದ್ದು 1632ರಲ್ಲಿ. ಅಂದರೆ ಘಟನೆಗೂ ಈ ಬರಹಕ್ಕೂ ನಡುವೆ ಏಳು ಶತಮಾನಗಳಿಗೂ ಹೆಚ್ಚಿನ ಅಂತರ. ಇಬ್ನ್ ಫಿರ್ನಾಸರ ಕಾಲದ ಒಬ್ಬ ಕವಿಯ ಪದ್ಯದಲ್ಲಿ ಹಾರಾಟದ ಚಿಕ್ಕ ಉಲ್ಲೇಖ ಉಳಿದಿದೆ. ಎಷ್ಟು ಎತ್ತರದಿಂದ ಹಾರಿದರು? ಎಷ್ಟು ದೂರ ಹೋದರು? ಎಷ್ಟು ಹೊತ್ತು ಗಾಳಿಯಲ್ಲಿದ್ದರು? ರೆಕ್ಕೆಯ ಅಗಲವೆಷ್ಟು? ಈ ಯಾವುದಕ್ಕೂ ಅಂಕಿ ಇಲ್ಲ. ಅವರ ಧೈರ್ಯಕ್ಕೆ ಸಲಾಂ ಹೇಳೋಣ. ಆದರೆ ಅಂಕಿ ಉಳಿಯದ ಕಾರಣ ಅವರು ಬಿಟ್ಟ ಜಾಗದಿಂದ ಮುಂದಿನವರು ಆರಂಭಿಸಲಾಗಲಿಲ್ಲ ಎಂಬುದನ್ನೂ ಒಪ್ಪೋಣ. ಅಭಿಮಾನ ಒಂದು, ಅಳತೆ ಇನ್ನೊಂದು. ಜ್ಞಾನ ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟುವುದು ಅಳತೆಯ ಮೂಲಕ.

ಪುಸ್ತಕದ ಅಂಕಿ ತಪ್ಪಾಗಿತ್ತು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಓಟ್ಟೋ ಲಿಲಿಯೆಂಥಾಲ್ ಸುಮಾರು 2000 ಬಾರಿ ಗ್ಲೈಡರಿನಲ್ಲಿ ತೇಲಿದರು. ರೆಕ್ಕೆಯ ಮೇಲೆ ಗಾಳಿಯ ಒತ್ತಡ ಎಷ್ಟು ಎಂಬ ಕೋಷ್ಟಕಗಳನ್ನೂ ಸಿದ್ಧಪಡಿಸಿದರು. 1896ರ ಆಗಸ್ಟ್‌ನಲ್ಲಿ ಗ್ಲೈಡರ್ ಉರುಳಿ ಬಿದ್ದು ಅವರು ತೀರಿಕೊಂಡರು. ಅವರ ಕೋಷ್ಟಕಗಳು ಮಾತ್ರ ಉಳಿದವು, ಸಮುದ್ರ ದಾಟಿ ಅಮೆರಿಕದ ರೈಟ್ ಸಹೋದರರ ಕೈ ಸೇರಿದವು.

ವಿಲ್ಬರ್ ಮತ್ತು ಆರ್ವಿಲ್ ರೈಟ್ 1900ರಲ್ಲಿ ಕಿಟ್ಟಿ ಹಾಕ್ ಎಂಬಲ್ಲಿಗೆ ತಮ್ಮ ಮೊದಲ ಗ್ಲೈಡರನ್ನು ತಂದಾಗ ಕೂಡಲೇ ಅದರ ಮೇಲೆ ಹತ್ತಿ ಹಾರಾಡಲಿಲ್ಲ. ಆಷಾಢದಲ್ಲಿ ನಮ್ಮ ಹುಡುಗರು ಗಾಳಿಪಟ ಬಿಡುವಂತೆ ಹಗ್ಗ ಕಟ್ಟಿ ಹಾರಿಸಿದರು. ಹಗ್ಗಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಗಾಳಿ ಎಷ್ಟು ಎಳೆಯುತ್ತದೆ ಎಂದು ನೋಡಿದರು, ಗಾಳಿಯ ವೇಗವನ್ನೂ ಅಳೆದರು. 1901ರಲ್ಲಿ ದೊಡ್ಡ ಗ್ಲೈಡರ್ ತಂದರು. ಅದನ್ನು ಎತ್ತುವ ಬಲ ಲೆಕ್ಕ ಹಾಕಿದ್ದರ ಸುಮಾರು ಮೂರನೆಯ ಒಂದು ಭಾಗ ಮಾತ್ರ ಬಂತು.

ಇಲ್ಲಿ ಸಾಮಾನ್ಯ ಮನುಷ್ಯನಾಗಿದ್ದರೆ ಏನು ಮಾಡುತ್ತಿದ್ದ? ದೊಡ್ಡವರ ಪುಸ್ತಕ ಸರಿಯಾಗಿಯೇ ಇರಬೇಕು, ನನ್ನ ತಕ್ಕಡಿಯೇ ಸರಿಯಿಲ್ಲ ಎಂದುಕೊಳ್ಳುತ್ತಿದ್ದ. ರೈಟ್ ಸಹೋದರರು ಹಾಗೆ ಮಾಡಲಿಲ್ಲ. ಊರಿಗೆ ಮರಳಿ, ಮರದ ಪೆಟ್ಟಿಗೆಯಲ್ಲಿ ಫ್ಯಾನಿನ ಗಾಳಿ ಹಾಯಿಸಿ, ಸುಮಾರು 200 ಬಗೆಯ ಚಿಕ್ಕ ರೆಕ್ಕೆಗಳನ್ನು ಪರೀಕ್ಷಿಸಿದರು. ಗಾಳಿಯ ಒತ್ತಡದ ಲೆಕ್ಕಕ್ಕೆ ಎಲ್ಲರೂ ಬಳಸುತ್ತಿದ್ದ 0.005 ಎಂಬ ಗುಣಕವು ಹದಿನೆಂಟನೆಯ ಶತಮಾನದ ಇಂಗ್ಲಿಷ್ ಎಂಜಿನಿಯರ್ ಜಾನ್ ಸ್ಮೀಟನ್ ಅವರ ಹೆಸರಿನಲ್ಲಿ ನಡೆದುಬಂದಿತ್ತು. ಅದು ನಿಜಕ್ಕೂ ಸುಮಾರು 0.0033 ಇರಬೇಕು ಎಂದು ಸಹೋದರರು ಕಂಡುಕೊಂಡರು. ನೂರು ವರ್ಷಕ್ಕೂ ಮಿಕ್ಕಿ ಎಲ್ಲರೂ ನಂಬಿದ್ದ ಅಂಕಿಯನ್ನು ಸೈಕಲ್ ಅಂಗಡಿಯ ಇಬ್ಬರು ತಿದ್ದಿದರು! ಹೊಸ ಲೆಕ್ಕದಂತೆ ಕಟ್ಟಿದ 1902ರ ಗ್ಲೈಡರ್ ನೂರಾರು ಬಾರಿ ಸುಸೂತ್ರವಾಗಿ ತೇಲಿತು. 1903ರ ಡಿಸೆಂಬರ್ 17ರಂದು ಎಂಜಿನ್ ಸಹಿತ ಹಾರಿದ ಅವರ ವಿಮಾನದ ಮೇಲೆ ಗಾಳಿಯ ವೇಗದ ಮಾಪಕ, ಸ್ಟಾಪ್‌ವಾಚ್ ಮತ್ತು ಎಂಜಿನ್ ಸುತ್ತುಗಳ ಎಣಿಕೆಯಂತ್ರ ಇದ್ದವು. ಹಾರುವ ಅವಸರದಲ್ಲಿಯೂ ಅವರು ಅಳತೆಯನ್ನು ಬಿಡಲಿಲ್ಲ.

ಎಂಜಿನ್ ಇಲ್ಲದಿರುವುದೇ ಅನುಕೂಲ

ಪರೀಕ್ಷೆಗೆ ಗ್ಲೈಡರ್ ಏಕೆ ಒಳ್ಳೆಯದು? ವಿಮಾನ ಮುಂದೆ ಹೋಗುವಾಗ ಗಾಳಿ ಅದನ್ನು ಹಿಂದಕ್ಕೆ ತಡೆಯುತ್ತದೆ. ಎಂಜಿನ್ ಇದ್ದರೆ ಎಂಜಿನ್ ಎಷ್ಟು ನೂಕಿತು, ಗಾಳಿ ಎಷ್ಟು ತಡೆಯಿತು ಎಂದು ಬೇರೆ ಮಾಡುವುದು ಕಷ್ಟ. ರಾಶಿ ತೂರುವಾಗ ಕಾಳು ಮತ್ತು ಹೊಟ್ಟು ಬೇರೆಯಾಗುವಂತೆ ಇವೆರಡು ತಾವಾಗಿ ಬೇರೆಯಾಗುವುದಿಲ್ಲ. ಗ್ಲೈಡರಿನಲ್ಲಿ ನೂಕುವ ಎಂಜಿನ್ ಇಲ್ಲವೇ ಇಲ್ಲ. ಇಳಿಜಾರಿನಲ್ಲಿ ತುಳಿಯದೆ ಬಿಟ್ಟ ಸೈಕಲಿನಂತೆ ಅದು ತನ್ನ ಎತ್ತರವನ್ನು ಖರ್ಚು ಮಾಡುತ್ತಾ ಮುಂದೆ ಸಾಗುತ್ತದೆ.

ಹೈಸ್ಕೂಲು ವಿದ್ಯಾರ್ಥಿಗೂ ತಿಳಿಯುವ ಲೆಕ್ಕವಿದು. 400 ಕಿಲೋ ತೂಕದ ಗ್ಲೈಡರ್ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 90 ಕಿಲೋಮೀಟರಿನಂತೆ ಸಾಗುತ್ತಾ ಸೆಕೆಂಡಿಗೆ 1 ಮೀಟರ್ ಕೆಳಗಿಳಿಯುತ್ತಿದೆ ಎನ್ನೋಣ. 1 ಮೀಟರ್ ಇಳಿತಕ್ಕೆ 25 ಮೀಟರ್ ಮುನ್ನಡೆ. 400ನ್ನು 25ರಿಂದ ಭಾಗಿಸಿದರೆ 16. ಅಂದರೆ ಗಾಳಿಯ ತಡೆ 16 ಕಿಲೋ ತೂಕದಷ್ಟು. ತೂಕ, ವೇಗ, ಎತ್ತರ, ಸಮಯ ಈ ನಾಲ್ಕು ಗೊತ್ತಾದರೆ ಕಣ್ಣಿಗೆ ಕಾಣದ ಗಾಳಿಯ ತಡೆ ಕಾಗದದ ಮೇಲೆ ಬರುತ್ತದೆ.

ಲೆಕ್ಕ ಸರಳ, ಅಳತೆ ಮಾತ್ರ ಸರಳವಲ್ಲ. ಬೇಸಿಗೆಯ ಮಧ್ಯಾಹ್ನ ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲಗಳ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುವುದನ್ನು ನಾವೆಲ್ಲ ನೋಡಿದ್ದೇವೆ. ಕಪ್ಪು ನೆಲ ಕಾದು ಅದರ ಮೇಲಿನ ಗಾಳಿ ಮೇಲಕ್ಕೇಳುತ್ತದೆ, ಹದ್ದು ಅದರ ಮೇಲೆ ಸವಾರಿ ಮಾಡುತ್ತದೆ. ಹದ್ದಿಗೆ ಇದು ಅನುಕೂಲ, ಅಳೆಯುವವನಿಗೆ ತೊಡಕು. ನಮ್ಮ ಉದಾಹರಣೆಯ ಗ್ಲೈಡರ್ ಸೆಕೆಂಡಿಗೆ ಅರ್ಧ ಮೀಟರ್ ಮೇಲೇಳುವ ಗಾಳಿಯಲ್ಲಿದ್ದರೆ ಅದರ ಇಳಿತ ಅರ್ಧಕ್ಕೆ ಇಳಿದಂತೆ ಕಾಣುತ್ತದೆ, ಗ್ಲೈಡರ್ ಎರಡು ಪಟ್ಟು ಉತ್ತಮವೆಂಬ ಸುಳ್ಳು ಉತ್ತರ ಬರುತ್ತದೆ! ಆದುದರಿಂದ ಪರೀಕ್ಷಾ ಹಾರಾಟಗಳನ್ನು ನೆಲ ಕಾಯುವ ಮುಂಚೆ, ಬೆಳಗಿನ ನಿಶ್ಚಲ ಗಾಳಿಯಲ್ಲಿ ಮಾಡುತ್ತಾರೆ.

ಜರ್ಮನಿಯ ತಾಂತ್ರಿಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಇದಕ್ಕೆ ಇನ್ನೊಂದು ಉಪಾಯ ಕಂಡುಕೊಂಡರು. ಅವರ ಹಾರಾಟ ಸಂಘಗಳ ಒಕ್ಕೂಟವಾದ ಇಡಾಫ್ಲೀಗ್ 1922ರಲ್ಲಿ ಹುಟ್ಟಿತು. ಬೇಸಿಗೆಯಲ್ಲಿ ಒಂದೆಡೆ ಸೇರಿ, ಗುಣ ಚೆನ್ನಾಗಿ ಅಳೆದಿಟ್ಟ ಒಂದು ಗ್ಲೈಡರಿನ ಪಕ್ಕದಲ್ಲಿಯೇ ಪರೀಕ್ಷೆಯ ಗ್ಲೈಡರನ್ನು ಹಾರಿಸುತ್ತಾರೆ. ಎರಡೂ ಒಂದೇ ಗಾಳಿಯಲ್ಲಿರುವುದರಿಂದ ಗಾಳಿಯ ಏರಿಳಿತ ಎರಡಕ್ಕೂ ಸಮ. ಎರಡರ ಎತ್ತರದ ವ್ಯತ್ಯಾಸವನ್ನು ಮಾತ್ರ ನೋಡಿದರೆ ಸಾಕು. ಇದನ್ನು ಮಾಡುವವರು ದೊಡ್ಡ ಕಂಪನಿಗಳವರಲ್ಲ, ಕಾಲೇಜು ವಿದ್ಯಾರ್ಥಿಗಳು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಉಪಕರಣ ಜೋಡಿಸುವ ಕಲೆ

ವೇಗ ಅಳೆಯುವ ಮುಖ್ಯ ಸಾಧನ ಪಿಟೋ ನಳಿಗೆ. ಇದು ಹುಟ್ಟಿದ್ದು ಆಕಾಶದಲ್ಲಲ್ಲ, ಹೊಳೆಯಲ್ಲಿ. ಫ್ರಾನ್ಸಿನ ಆನ್ರಿ ಪಿಟೋ 1732ರಲ್ಲಿ ಪ್ಯಾರಿಸಿನ ಸೇನ್ ನದಿಯ ಹರಿವನ್ನು ಅಳೆಯಲು ಬಾಗಿದ ಗಾಜಿನ ನಳಿಗೆಯನ್ನು ಬಳಸಿದರು. ಎದುರು ಬರುವ ಗಾಳಿ ನಳಿಗೆಯ ಬಾಯಿಯಲ್ಲಿ ತಡೆದು ನಿಂತಾಗ ಒತ್ತಡ ಏರುತ್ತದೆ. ಸುತ್ತಲಿನ ಸಾಮಾನ್ಯ ಒತ್ತಡಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ವೇಗವನ್ನು ತಿಳಿಸುತ್ತದೆ.

ಆದರೆ ಈ ನಳಿಗೆಯನ್ನು ಎಲ್ಲಿ ಕೂರಿಸಬೇಕು? ರೆಕ್ಕೆ ತನ್ನ ಸುತ್ತಲಿನ ಗಾಳಿಯನ್ನೆಲ್ಲ ಕದಡುತ್ತದೆ. ಕದಡಿದ ಜಾಗದಲ್ಲಿ ಅಳೆದರೆ ಸಿಗುವುದು ವಿಮಾನದ ವೇಗವಲ್ಲ, ಕದಡಿದ ಗಾಳಿಯ ವೇಗ. ಆದ್ದರಿಂದ ಪರೀಕ್ಷಾ ವಿಮಾನಗಳ ಮೂತಿಯಿಂದ ಉದ್ದನೆಯ ಕೋಲೊಂದು ಮುಂದಕ್ಕೆ ಚಾಚಿರುತ್ತದೆ, ಅದರ ತುದಿಯಲ್ಲಿ ನಳಿಗೆ ಇರುತ್ತದೆ.

ಎತ್ತರವನ್ನು ಗಾಳಿಯ ಒತ್ತಡದಿಂದ ಅಳೆಯುತ್ತಾರೆ. ಹಿಂದೆ ಇದಕ್ಕೆ ಬ್ಯಾರೋಗ್ರಾಫ್ ಇತ್ತು. ಲಾಂದ್ರದ ಗಾಜಿಗೆ ಹಿಡಿಯುವಂಥ ಮಸಿಯನ್ನು ಲೇಪಿಸಿದ ಹಾಳೆಯನ್ನು ಒಂದು ಉರುಳೆಗೆ ಸುತ್ತಿರುತ್ತಿದ್ದರು. ಗಡಿಯಾರದ ಯಂತ್ರ ಉರುಳೆಯನ್ನು ತಿರುಗಿಸಿದಂತೆ ಸೂಜಿಯೊಂದು ಮಸಿಯಲ್ಲಿ ಗೆರೆ ಗೀಚುತ್ತಿತ್ತು. ಹಾರಾಟ ಮುಗಿದ ಮೇಲೆ ಎಷ್ಟು ಹೊತ್ತಿಗೆ ಎಷ್ಟು ಎತ್ತರ ಎಂಬುದು ಆ ಗೆರೆಯಲ್ಲಿ ಇರುತ್ತಿತ್ತು. ಇಂದು ಆ ಕೆಲಸವನ್ನು ಜಿಪಿಎಸ್ ಸಹಿತ ಎಲೆಕ್ಟ್ರಾನಿಕ್ ದಾಖಲೆ ಯಂತ್ರ ಮಾಡುತ್ತದೆ.

ರೆಕ್ಕೆಯ ಮೇಲೆ ಗಾಳಿ ಅಂಟಿಕೊಂಡು ಹರಿಯುತ್ತಿದೆಯೋ, ಕಿತ್ತುಕೊಂಡು ಸುಳಿಯಾಗುತ್ತಿದೆಯೋ ಎಂದು ನೋಡಲು ಸಾಲುಸಾಲಾಗಿ ಉಣ್ಣೆಯ ಎಳೆಗಳನ್ನು ಅಂಟಿಸುತ್ತಾರೆ. ಎಳೆ ನೆಟ್ಟಗೆ ಹಿಂದಕ್ಕೆ ಮಲಗಿದ್ದರೆ ಹರಿವು ಚೆನ್ನಾಗಿದೆ, ಒದ್ದಾಡುತ್ತಿದ್ದರೆ ಅಲ್ಲಿ ತೊಂದರೆಯಿದೆ. ಕ್ಯಾಮೆರಾ ಅದನ್ನು ಸೆರೆಹಿಡಿಯುತ್ತದೆ. ರೆಕ್ಕೆಯ ಹಿಂದೆ ಬಾಚಣಿಗೆಯಂತೆ ಸಣ್ಣ ನಳಿಗೆಗಳ ಸಾಲನ್ನು ನಿಲ್ಲಿಸಿ, ರೆಕ್ಕೆ ದಾಟಿದ ಗಾಳಿ ಎಷ್ಟು ಬಲ ಕಳೆದುಕೊಂಡಿತು ಎಂದೂ ಅಳೆಯುತ್ತಾರೆ.

ಇಲ್ಲಿ ಇನ್ನೆರಡು ಎಚ್ಚರ ಬೇಕು. ಮೊದಲನೆಯದು, ಉಪಕರಣಕ್ಕೂ ತೂಕವಿದೆ, ಅದೂ ಗಾಳಿಯನ್ನು ತಡೆಯುತ್ತದೆ. ಬಾಲದ ಕಡೆ ತೂಕ ಹೆಚ್ಚಾದರೆ ಗ್ಲೈಡರಿನ ಸಮತೋಲವೇ ಕೆಟ್ಟು ಜೀವಕ್ಕೆ ಅಪಾಯವಾಗಬಹುದು. ಆದ್ದರಿಂದ ಜೋಡಣೆ ಮುಗಿದ ಮೇಲೆ ಗ್ಲೈಡರನ್ನು ಮತ್ತೆ ತೂಗಿ ಗುರುತ್ವ ಕೇಂದ್ರವನ್ನು ನೋಡಬೇಕು. ಎರಡನೆಯದು, ಅಳೆಯುವ ಸಾಧನವನ್ನೇ ಮೊದಲು ಅಳೆಯಬೇಕು. ಎಪಿಎಂಸಿ ಯಾರ್ಡಿನ ತಕ್ಕಡಿಗೆ ಇಲಾಖೆಯ ಮುದ್ರೆ ಬೇಕಾದಂತೆ, ಹಾರಾಟದ ಮೊದಲೂ ಆಮೇಲೂ ಉಪಕರಣವನ್ನು ಗೊತ್ತಿರುವ ಅಳತೆಯೊಂದಿಗೆ ಹೋಲಿಸಬೇಕು.

ಬೆಂಗಳೂರಿನ ಮರದ ವಿಮಾನ

ಈಗ ನಮ್ಮ ನಾಡಿಗೆ ಬರೋಣ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭವಾಯಿತು. ಇದೇ ಮುಂದೆ ಎಚ್‌ಎಎಲ್ ಆಯಿತು. ಅಲ್ಲಿ ಆರಂಭದ ವರ್ಷಗಳಲ್ಲಿಯೇ ಜಿ-1 ಎಂಬ ಗ್ಲೈಡರನ್ನು ವಿನ್ಯಾಸಗೊಳಿಸಿದವರು ವಿಷ್ಣು ಮಾಧವ ಘಾಟಗೆ. ಅವರು ಜರ್ಮನಿಯ ಗಟ್ಟಿಂಗೆನ್‌ನಲ್ಲಿ ವಾಯುಚಲನಶಾಸ್ತ್ರದ ಮಹಾಗುರು ಲುಡ್ವಿಗ್ ಪ್ರಾಂಟ್ಲ್ ಅವರಲ್ಲಿ ಡಾಕ್ಟರೇಟ್ ಪಡೆದವರು. 1951ರ ಆಗಸ್ಟ್‌ನಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನವೂ ಅವರ ನೇತೃತ್ವದ್ದೇ.

1956ರಲ್ಲಿ ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟಾಂಕ್ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಭಾರತದ ಮೊದಲ ಜೆಟ್ ಯುದ್ಧವಿಮಾನವನ್ನು ಇಲ್ಲಿಯೇ ರೂಪಿಸುವ ಕೆಲಸ ಅವರದಾಯಿತು. ಅದೇ ಎಚ್‌ಎಫ್-24 ಮಾರುತ್. ಆದರೆ ಆಗ ನಮ್ಮ ದೇಶದಲ್ಲಿ ಇಂಥ ವೇಗದ ವಿಮಾನದ ಮಾದರಿಯನ್ನು ಪರೀಕ್ಷಿಸುವ ದೊಡ್ಡ ವಾಯುಸುರಂಗ ಇರಲಿಲ್ಲ. ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ ಸ್ಥಾಪನೆಯಾದದ್ದೇ 1959ರಲ್ಲಿ. ಧ್ವನಿಯ ವೇಗವನ್ನು ಮೀರುವ ಗಾಳಿಯನ್ನು ಹರಿಸಬಲ್ಲ ಅದರ 1.2 ಮೀಟರ್ ಸುರಂಗ ಸಿದ್ಧವಾದದ್ದು 1967ರಲ್ಲಿ.

ಹಾಗಿದ್ದರೆ ಏನು ಮಾಡುವುದು? ಮಾರುತ್ ವಿಮಾನದಷ್ಟೇ ಅಳತೆಯ, ಅದೇ ರೆಕ್ಕೆಯ ಆಕಾರದ, ಅದೇ ಬಗೆಯ ನಿಯಂತ್ರಣಗಳುಳ್ಳ ಒಂದು ವಿಮಾನವನ್ನು ಮರದಿಂದ ಕಟ್ಟಿದರು. ಅದರಲ್ಲಿ ಎಂಜಿನ್ ಇಲ್ಲ, ಇಬ್ಬರು ಕೂರಲು ಜಾಗ. ಅದರ ಹೆಸರು ಎಕ್ಸ್-241. 1959ರಲ್ಲಿ ಡಕೋಟಾ ವಿಮಾನವೊಂದು ಇದನ್ನು ಹಗ್ಗದಿಂದ ಎಳೆದು ಬೆಂಗಳೂರಿನ ಆಕಾಶಕ್ಕೆ ಒಯ್ದಿತು. ಮೇಲೆ ಹಗ್ಗ ಬಿಡಿಸಿಕೊಂಡ ನಂತರ ಅದು ಗ್ಲೈಡರ್. ಹಿಂದಕ್ಕೆ ಬಾಗಿದ ರೆಕ್ಕೆಯ ವಿಮಾನ ನಿಧಾನ ವೇಗದಲ್ಲಿ, ವಿಶೇಷವಾಗಿ ಇಳಿಯುವಾಗ ಹೇಗೆ ನಡೆದುಕೊಳ್ಳುತ್ತದೆ, ನಿಯಂತ್ರಣಗಳು ಹೇಗೆ ಸ್ಪಂದಿಸುತ್ತವೆ ಎಂಬ ಪ್ರಶ್ನೆಗಳಿಗೆ ಜೆಟ್ ಎಂಜಿನ್ ಬರುವ ಮುಂಚೆಯೇ ಉತ್ತರ ಸಿಗುವಂತಾಯಿತು. ಒಟ್ಟು 78 ಹಾರಾಟಗಳು ನಡೆದವು. 1960ರ ಮಾರ್ಚ್ 24ರಂದು ಇಳಿಯುವಾಗ ಮುಂದಿನ ಗಾಲಿ ಹೊರಬಾರದೆ ಗ್ಲೈಡರಿಗೆ ದೊಡ್ಡ ಜಖಂ ಆಯಿತು. ಅಷ್ಟು ಹೊತ್ತಿಗೆ ಅದರ ಕೆಲಸ ಬಹುಪಾಲು ಮುಗಿದಿತ್ತು.

1961ರ ಜೂನ್‌ನಲ್ಲಿ ಮಾರುತ್ ಮೊದಲ ಬಾರಿಗೆ ಹಾರಿದಾಗ ಚಾಲಕರಾಗಿದ್ದವರು ಸುರಂಜನ್ ದಾಸ್. 1967ರಲ್ಲಿ ಅದು ವಾಯುಪಡೆಯ ಸ್ಕ್ವಾಡ್ರನ್ ಸೇರಿತು. 1971ರ ಯುದ್ಧದಲ್ಲಿ ಪಾಲ್ಗೊಂಡಿತು. ಒಟ್ಟು 147 ವಿಮಾನಗಳು ತಯಾರಾದವು.

ಆದರೆ ಕಥೆಯ ಇನ್ನೊಂದು ಬದಿಯನ್ನೂ ಹೇಳಬೇಕು. ಮಾರುತ್‌ಗೆ ಬೇಕಾಗಿದ್ದ ಹೆಚ್ಚು ಶಕ್ತಿಯ ಎಂಜಿನ್ ಸಿಗಲೇ ಇಲ್ಲ. ಸಿಕ್ಕ ಆರ್ಫಿಯಸ್ 703 ಎಂಜಿನ್ನುಗಳ ಶಕ್ತಿ ಸಾಲದೆ, ಧ್ವನಿಯ ವೇಗವನ್ನು ಬಹಳ ಮೀರುವ ಉದ್ದೇಶ ಈಡೇರಲಿಲ್ಲ. ಶಕ್ತಿ ಹೆಚ್ಚಿಸಲು ಮಾರ್ಪಡಿಸಿದ ಮಾರುತ್‌ನ ಪರೀಕ್ಷೆಯಲ್ಲಿ 1970ರ ಜನವರಿ 10ರಂದು ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರ ನೆನಪಿನದು. ಮರದ ಗ್ಲೈಡರ್ ರೆಕ್ಕೆಯ ಬಗ್ಗೆ ಕೇಳಿದ್ದಕ್ಕೆ ಉತ್ತರ ಕೊಟ್ಟಿತು. ತನ್ನಲ್ಲಿ ಇಲ್ಲದ ಎಂಜಿನ್ ಬಗ್ಗೆ ಅದು ಏನನ್ನೂ ಹೇಳಲಾರದು. ಯಾವ ಅಳತೆಯೂ ತಾನು ಅಳೆದದ್ದಕ್ಕಿಂತ ಹೆಚ್ಚು ಹೇಳುವುದಿಲ್ಲ. ಒಂದು ಪರೀಕ್ಷೆಯಲ್ಲಿ ಪಾಸಾದುದನ್ನು ಎಲ್ಲದರಲ್ಲೂ ಪಾಸಾದಂತೆ ತಿಳಿಯಬಾರದು.

ಚಿತ್ರದುರ್ಗದ ಪುಷ್ಪಕ್

ಮಾರುತ್ ಕಾಲ ಮುಗಿದರೂ ಈ ವಿಧಾನದ ಕಾಲ ಮುಗಿಯಲಿಲ್ಲ. ಅಮೆರಿಕ 1977ರಲ್ಲಿ ತನ್ನ ಬಾಹ್ಯಾಕಾಶ ನೌಕೆಯ ಮಾದರಿ ಎಂಟರ್‌ಪ್ರೈಸನ್ನು ದೊಡ್ಡ ವಿಮಾನದ ಬೆನ್ನಿನಿಂದ ಬಿಡಿಸಿ ಐದು ಬಾರಿ ಗ್ಲೈಡರಿನಂತೆ ಇಳಿಸಿ ಪರೀಕ್ಷಿಸಿತು.

ನಮ್ಮ ಇಸ್ರೋ ಇಂಥದೇ ಪರೀಕ್ಷೆಯನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ ಮಾಡಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಬಸ್ಸು ಚಿತ್ರದುರ್ಗ ದಾಟುವಾಗ ಇದನ್ನು ನೆನಪಿಸಿಕೊಳ್ಳಬಹುದು. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯುಳ್ಳ ವಾಹನವೊಂದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಒಳಗೆ ಚಾಲಕನಿಲ್ಲ, ನೂಕುವ ಎಂಜಿನ್ ಇಲ್ಲ. ತನ್ನ ದಾರಿಯನ್ನು ತಾನೇ ಲೆಕ್ಕ ಹಾಕಿ ಅದು ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇನ್ನೆರಡು ಪರೀಕ್ಷೆಗಳು ನಡೆದವು. ಮೂರನೆಯ ಬಾರಿ ಬೇಕೆಂದೇ ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಆದರೂ ಪುಷ್ಪಕ್ ಹೆಸರಿನ ಆ ವಾಹನ ದಾರಿ ಸರಿಪಡಿಸಿಕೊಂಡು ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ರನ್‌ವೇ ಮುಟ್ಟಿತು.

ಅದಕ್ಕೆ ಕಣ್ಣಾದದ್ದು ಅಳತೆಯ ಉಪಕರಣಗಳೇ: ಜಡತ್ವ ಸಂವೇದಕ, ರೇಡಾರ್ ಎತ್ತರಮಾಪಕ, ನಾವಿಕ್ ಉಪಗ್ರಹ ಸಂಕೇತ, ಜೊತೆಗೆ ಗಾಳಿಯ ಒತ್ತಡ ಓದಲು ಹೊರಮೈಗೆ ಸಮನಾಗಿ ಕೂರಿಸಿದ ರಂಧ್ರಗಳು. ಸೇನ್ ನದಿಯ ಗಾಜಿನ ನಳಿಗೆಯ ವಂಶ ಇಲ್ಲಿಯವರೆಗೆ ಬಂದಿದೆ. ವ್ಯತ್ಯಾಸ ಒಂದೇ. ಹಿಂದೆ ಉಪಕರಣ ಬರೆದದ್ದನ್ನು ಮನುಷ್ಯ ಆಮೇಲೆ ಓದುತ್ತಿದ್ದ, ಇಲ್ಲಿ ಯಂತ್ರವೇ ಆ ಕ್ಷಣದಲ್ಲಿ ಓದಿ ನಡೆಯುತ್ತದೆ. ಆದ್ದರಿಂದ ಅಳತೆ ತಪ್ಪಿದರೆ ತಿದ್ದಿಕೊಳ್ಳಲು ಪುರುಸೊತ್ತಿಲ್ಲ.

ನಮ್ಮ ಪ್ರಯೋಗಾಲಯಕ್ಕೆ ಬಂದರೆ

ಪ್ರಿಯ ವಿದ್ಯಾರ್ಥಿಗಳೇ, ಇದೆಲ್ಲ ದೊಡ್ಡವರ ಕಥೆ, ನಮಗೇನು ಎಂದು ಕೇಳಬೇಡಿರಿ. ಲೋಲಕದ ಪ್ರಯೋಗದಲ್ಲಿ ಉತ್ತರ 9.8 ಬರಲೇಬೇಕೆಂದು ರೀಡಿಂಗನ್ನು ಹಿಂದುಮುಂದು ಮಾಡಿ ಬರೆಯುವ ಅಭ್ಯಾಸ ಅನೇಕ ಕಡೆ ಇದೆ. ಮಾರ್ಕು ಸಿಗುತ್ತದೆ, ರೆಕಾರ್ಡ್ ಪುಸ್ತಕ ಅಂದವಾಗಿ ಕಾಣುತ್ತದೆ. ಆದರೆ 1901ರಲ್ಲಿ ರೈಟ್ ಸಹೋದರರು ಪುಸ್ತಕಕ್ಕೆ ಸರಿಹೊಂದುವಂತೆ ತಮ್ಮ ರೀಡಿಂಗನ್ನು ತಿದ್ದಿದ್ದರೆ 0.005 ಎಂಬ ಅಂಕಿ ಹಾಗೆಯೇ ಉಳಿಯುತ್ತಿತ್ತು, ಅವರ ಗ್ಲೈಡರ್ ಮರಳಿನಲ್ಲಿಯೇ ಉಳಿಯುತ್ತಿತ್ತು. ನಿಮ್ಮ ಉತ್ತರ 9.4 ಬಂದರೆ 9.4 ಎಂದೇ ಬರೆಯಿರಿ. ಆಮೇಲೆ ದಾರದ ಉದ್ದ ಅಳೆದದ್ದು ಎಲ್ಲಿಂದ, ವಾಚು ಒತ್ತಿದ್ದು ಯಾವಾಗ ಎಂದು ಹುಡುಕಿರಿ. ಆ ಹುಡುಕಾಟವೇ ವಿಜ್ಞಾನ. ಅಧ್ಯಾಪಕರಾದ ನಾವೂ 9.8ಕ್ಕೆ ಮಾರ್ಕು ಕೊಡುವ ಬದಲು ಪ್ರಾಮಾಣಿಕ ರೀಡಿಂಗಿಗೆ ಮಾರ್ಕು ಕೊಡುವುದನ್ನು ರೂಢಿಸಿಕೊಳ್ಳಬೇಕು.

ಇದಕ್ಕೆ ಹೆಚ್ಚು ಹಣವೂ ಬೇಡ. ತೆಳುವಾದ ರಟ್ಟಿನಿಂದ ಒಂದು ಗ್ಲೈಡರ್ ಮಾಡಿರಿ, ಮೂತಿಗೆ ಚಿಟಿಕೆ ಜೇಡಿಮಣ್ಣು ಹಚ್ಚಿರಿ. ಗಾಳಿಯಿಲ್ಲದ ಮುಂಜಾನೆ ಶಾಲೆಯ ಕಟ್ಟೆಯ ಮೇಲಿಂದ ಒಂದೇ ರೀತಿ ಇಪ್ಪತ್ತು ಬಾರಿ ಬಿಡಿರಿ. ಎತ್ತರ, ದೂರ, ಸಮಯ ಬರೆದುಕೊಳ್ಳಿರಿ. ಚೆನ್ನಾಗಿ ಹಾರಿದ್ದನ್ನು ಮಾತ್ರವಲ್ಲ, ಮೂತಿ ಕೆಳಗಾಗಿ ಬಿದ್ದದ್ದನ್ನೂ ಬರೆಯಿರಿ. ಆ ಹಾಳೆಯನ್ನು ಮುಂದಿನ ವರ್ಷದ ತರಗತಿಗೆ ದಾಟಿಸಿರಿ. ನೀವು ನಿಲ್ಲಿಸಿದ ಜಾಗದಿಂದ ಅವರು ಆರಂಭಿಸಲಿ.